ಪಂಡಿತಾ ರಮಾಬಾಯಿಯವರ ಶೌಚ

ಶೌಚವೆಂಬ ಮಾತು ನಮ್ಮಲ್ಲಿ ಬಹು ಹಳೆಯದು. ಸ್ನಾನ, ಮಡಿ, ಉಪವಾಸ, ಆಹಾರನಿಯಮ ಇವುಗಳಿಂದ ದೇಹವನ್ನು ಶುದ್ಧವಾಗಿಟ್ಟುಕೊಳ್ಳುವ ಬಗೆಯನ್ನು ನಮ್ಮ ಹಿರಿಯರು ಎಳೆಎಳೆಯಾಗಿ ಬಿಡಿಸಿ ಹೇಳಿರುವರು. ಹಾಗೆ ಶುದ್ಧವಾದ ದೇಹವು ಆಮೇಲೆ ಯಾವ ಕೆಲಸಕ್ಕೆ ಒದಗಬೇಕೆಂದು ಕೇಳಿದವರು ಮಾತ್ರ ಕಡಿಮೆ. ಕ್ರೈಸ್ತರ ಧರ್ಮಗ್ರಂಥದಲ್ಲಿ ಇದಕ್ಕೆ ಮನೆವಾರ್ತೆಯ ಒಂದು ಹೋಲಿಕೆಯುಂಟು. ದೊಡ್ಡ ಮನೆಯ ನಾನಾ ಪಾತ್ರೆಗಳಲ್ಲಿ ತೊಳೆದು ಶುದ್ಧವಾದುದೇ ಯಜಮಾನನ ಕೈಗೆ ಬರುವುದೆಂಬುದು ಅದರ ತಾತ್ಪರ್ಯ. ತೊಳೆಯುವುದು ಬಡಿಸುವುದಕ್ಕಾಗಿ, ತೊಳೆದು ಅಟ್ಟದ ಮೇಲಿಡುವುದಕ್ಕಾಗಿ ಅಲ್ಲ.

ಈ ಅರ್ಥದ ಶೌಚವನ್ನು ಬಾಳಿ ತೋರಿಸಿದ ಪಂಡಿತಾ ರಮಾಬಾಯಿಯವರು ಹುಟ್ಟಿದ್ದು ನಮ್ಮ ನಾಡಿನ ಮಣ್ಣಿನಲ್ಲೇ. ಅವರ ಹೆಸರು ಮಹಾರಾಷ್ಟ್ರದಲ್ಲಿ ಎಷ್ಟು ಪರಿಚಿತವೋ ಕರ್ನಾಟಕದಲ್ಲಿ ಅಷ್ಟೇ ಅಪರಿಚಿತ. ಹೆಸರು ಬಲ್ಲವರಲ್ಲಿಯೂ ಹಲವರು, ಮತಾಂತರವೆಂಬ ಒಂದೇ ಮಾತಿನಿಂದ ಅವರ ಕಥೆಯನ್ನು ಮುಗಿಸಿಬಿಡುವರು. ಸ್ವದೇಶದ ಅಭಿಮಾನವನ್ನು ಹೊತ್ತ ಈ ಪತ್ರಿಕೆಯು ಅವರ ಚರಿತ್ರೆಯನ್ನು ಏಕೆ ಎತ್ತಿಕೊಂಡಿತೆಂದು ಕೆಲವು ವಾಚಕರಿಗೆ ಅನ್ನಿಸಬಹುದು. ಪೂರ್ತಿ ಓದಿದ ಮೇಲೆ ತೀರ್ಮಾನಿಸಬೇಕೆಂದು ಅಂಥವರಲ್ಲಿ ನಮ್ಮ ವಿಜ್ಞಾಪನೆ.

ಕಾರ್ಕಳದ ಬಳಿಯ ಮಾಳ ಗ್ರಾಮದ ಚಿತ್ಪಾವನ ಬ್ರಾಹ್ಮಣರಾದ ಅನಂತಶಾಸ್ತ್ರಿ ಡೋಂಗ್ರೆಯವರು ರಮಾಬಾಯಿಯವರ ತಂದೆ. ಅವರು ತಾರುಣ್ಯದಲ್ಲಿ ಪುಣೆಗೆ ಹೋಗಿ, ಎರಡನೆಯ ಬಾಜೀರಾಯ ಪೇಶವೆಯ ಆಶ್ರಯದಲ್ಲಿದ್ದ ವಿದ್ವಾಂಸರ ಬಳಿ ಸಂಸ್ಕೃತಾಭ್ಯಾಸ ಮಾಡಿದರು. ಅರಮನೆಯ ಸ್ತ್ರೀಯೊಬ್ಬಳು ಸಂಸ್ಕೃತ ಶ್ಲೋಕಗಳನ್ನು ಹೇಳುವುದನ್ನು ಅಲ್ಲಿ ಕೇಳಿ ಬೆರಗಾದ ಈ ಯುವಕನಿಗೆ, ತನ್ನ ಹೆಂಡತಿಗೂ ಈ ವಿದ್ಯೆಯನ್ನು ಕಲಿಸಬೇಕೆಂಬ ಹಟ ಹುಟ್ಟಿತು. ಮೊದಲ ಪತ್ನಿಗೆ ಕಲಿಯುವ ಮನಸ್ಸಿರಲಿಲ್ಲ. ಮನೆಯ ಹಿರಿಯರಿಗೆ ಕಲಿಸುವುದು ಬೇಕಿರಲಿಲ್ಲ. ಆಕೆ ತೀರಿಕೊಂಡ ಮೇಲೆ, ನಡುವಯಸ್ಸಿನ ಶಾಸ್ತ್ರಿಗಳು ಗೋದಾವರಿಯ ತೀರದ ಒಂದು ಕ್ಷೇತ್ರದಲ್ಲಿ ಯಾತ್ರಿಕನೊಬ್ಬನ ಒಂಬತ್ತು ವರ್ಷದ ಮಗಳನ್ನು ಮದುವೆಯಾಗಿ ಊರಿಗೆ ಕರೆತಂದರು. ಸ್ತ್ರೀವಿದ್ಯೆಯ ಈ ಹಟವಾದಿಗೆ ಬಾಲ್ಯವಿವಾಹದಲ್ಲಿ ದೋಷವೇನೂ ಕಾಣಲಿಲ್ಲವೆಂಬುದನ್ನು ಮರೆಮಾಚಬೇಕಾದುದಿಲ್ಲ. ಕಾಲವು ಮನುಷ್ಯನಿಗೆ ಎಲ್ಲ ಕಿಟಕಿಗಳನ್ನೂ ಒಟ್ಟಿಗೆ ತೆರೆದು ಕೊಡುವುದಿಲ್ಲ.

ಈ ಬಾಲಿಕೆ ಲಕ್ಷ್ಮೀಬಾಯಿಯು ಗಂಡನಿಂದ ಸಂಸ್ಕೃತ ಕಲಿಯತೊಡಗಿದಾಗ ಊರಿನಲ್ಲಿ ಕೋಲಾಹಲವೆದ್ದಿತು. ಶಾಸ್ತ್ರಿಗಳು ಉಡುಪಿಯಲ್ಲಿ ಮಾಧ್ವ ಪಂಡಿತರ ಸಭೆಗೆ ಉತ್ತರ ಹೇಳಬೇಕಾಯಿತು. ಸ್ತ್ರೀಯರು ವೇದವನ್ನು ಓದಬಾರದೆಂಬ ನಿಯಮವನ್ನು ಅವರು ಮುಟ್ಟಲಿಲ್ಲ. ಪುರಾಣ, ಕಾವ್ಯ, ವ್ಯಾಕರಣಗಳಿಗೆ ತಡೆಯಿಲ್ಲವೆಂಬುದನ್ನು ಶಾಸ್ತ್ರಗಳಿಂದಲೇ ಆಧಾರಗಳನ್ನೆತ್ತಿ ಸಾಧಿಸಿದರು. ಸಭೆಯು ಒಪ್ಪಿದರೂ ನೆರೆಹೊರೆಯು ಒಪ್ಪಲಿಲ್ಲ. ಆದುದರಿಂದ ಅವರು ಹೆಂಡತಿಯೊಡನೆ ಗಂಗಾಮೂಲದ ಕಾಡಿಗೆ ಹೋಗಿ ಆಶ್ರಮ ಕಟ್ಟಿಕೊಂಡರು. ತುಂಗಾಭದ್ರೆಯರು ಹುಟ್ಟುವ ಆ ಬೆಟ್ಟದಲ್ಲಿ, ಹುಲಿಯ ಗರ್ಜನೆಯನ್ನು ಕೇಳುತ್ತ ಪಾಠ ಸಾಗಿತು. ಅಲ್ಲಿಯೇ 1858ನೆಯ ಇಸವಿ ಏಪ್ರಿಲ್ 23ರಂದು ರಮಾಬಾಯಿಯವರು ಜನಿಸಿದರು.

ಆಶ್ರಮಕ್ಕೆ ಬಂದ ವಿದ್ಯಾರ್ಥಿಗಳಿಗೂ ಅತಿಥಿಗಳಿಗೂ ಅನ್ನವಿಟ್ಟು ಶಾಸ್ತ್ರಿಗಳ ಆಸ್ತಿ ಕರಗಿತು. ಮಗುವಿಗೆ ಆರು ತಿಂಗಳಾದಾಗ ಅದನ್ನು ಬಿದಿರಿನ ಬುಟ್ಟಿಯಲ್ಲಿ ಮಲಗಿಸಿ, ಆಳಿನ ತಲೆಯ ಮೇಲೆ ಹೊರಿಸಿ ಸಂಸಾರವು ತೀರ್ಥಯಾತ್ರೆಗೆ ಹೊರಟಿತು. ಆ ಯಾತ್ರೆ ಮುಗಿಯಲೇ ಇಲ್ಲ. ದೇವಸ್ಥಾನಗಳ ಜಗಲಿಯಲ್ಲಿಯೋ ನದಿಯ ಘಟ್ಟದಲ್ಲಿಯೋ ಕುಳಿತು ಪುರಾಣ ಹೇಳುವುದು, ಬಂದ ದಕ್ಷಿಣೆಯಲ್ಲಿ ಉಣ್ಣುವುದು, ಮಿಕ್ಕುದನ್ನು ದಾನ ಮಾಡುವುದು ಇದೇ ಅವರ ಜೀವನವಾಯಿತು. ನಸುಕಿನಲ್ಲೆದ್ದು ತಾಯಿಯೇ ಮಗಳಿಗೆ ಪಾಠ ಹೇಳುತ್ತಿದ್ದಳು. ಹನ್ನೆರಡರ ಪ್ರಾಯಕ್ಕೆ ಹುಡುಗಿಗೆ ಭಾಗವತವು ಕಂಠಸ್ಥವಾಗಿತ್ತು. ತಿರುಗಾಟದಲ್ಲಿ ಮರಾಠಿಯಲ್ಲದೆ ಕನ್ನಡ, ಹಿಂದೂಸ್ತಾನಿ, ಮುಂದೆ ಬಂಗಾಳಿ ಭಾಷೆಗಳೂ ವಶವಾದುವು.

ಇಷ್ಟೊಂದು ಶೌಚವಿದ್ದ ಸಂಸಾರವೇ ಕ್ಷಾಮದ ಬಾಯಿಗೆ ಬಿದ್ದಿತು. ದಕ್ಷಿಣದಲ್ಲಿ ಬರ ತಲೆಯೆತ್ತಿದಾಗ ಕೈಯಲ್ಲಿದ್ದ ಹಣವೆಲ್ಲ ವ್ರತ, ಹೋಮ, ಬ್ರಾಹ್ಮಣಭೋಜನಗಳಿಗೆ ಹೋಗಿತ್ತು. ಕೂಲಿ ಮಾಡುವುದಕ್ಕೆ ಜಾತಿ ಅಡ್ಡ. ಬೇಡುವುದಕ್ಕೆ ಮಾನ ಅಡ್ಡ. ಪಾತ್ರೆಪದಾರ್ಥಗಳು ಮಾರಿಹೋದುವು, ಕಾಡಿನ ಎಲೆ, ಕಾಯಿಗಳು ಆಹಾರವಾದುವು. ಕಣ್ಣು ಕಾಣದಿದ್ದ ವೃದ್ಧ ತಂದೆ 1874ರಲ್ಲಿ ತೀರಿಕೊಂಡರು. ಕೆಲವು ತಿಂಗಳೊಳಗೆ ತಾಯಿ ಹೋದಳು, ಅಕ್ಕನೂ ಹೋದಳು. ತಾಯಿಯ ಹೆಣ ಹೊರಲು ಜನ ಬರಲಿಲ್ಲ. ಇಬ್ಬರು ಬ್ರಾಹ್ಮಣರು ಮರುಕಗೊಂಡು ಒದಗಿದರು, ಅಣ್ಣ ಶ್ರೀನಿವಾಸನು ಮೂರನೆಯವನು. ನಾಲ್ಕನೆಯ ಹೆಗಲು ರಮಾಬಾಯಿಯವರದು. ಕುಳ್ಳಾಗಿದ್ದುದರಿಂದ ಹೆಗಲಿಗೆ ಎಟುಕದೆ, ಚಟ್ಟದ ಆ ತುದಿಯನ್ನು ಅವರು ತಲೆಯ ಮೇಲೆ ಹೊತ್ತು ಸ್ಮಶಾನದವರೆಗೆ ನಡೆದರು.

ಅಣ್ಣತಂಗಿಯರು ಮತ್ತೆ ನಡೆಯತೊಡಗಿದರು. ಉತ್ತರಕ್ಕೆ ಪಂಜಾಬ, ಕಾಶ್ಮೀರಗಳವರೆಗೂ ಕಾಲ್ನಡಿಗೆಯಲ್ಲೇ ಹೋದರು. ಝೀಲಮ್ ನದಿಯ ತೀರದಲ್ಲಿ ಹೊದೆಯಲು ಬಟ್ಟೆಯಿಲ್ಲದೆ, ಮರಳಿನಲ್ಲಿ ಎರಡು ಕುಣಿ ತೋಡಿ, ತಲೆಯೊಂದನ್ನು ಹೊರಗಿಟ್ಟು ಮೈಮೇಲೆ ಮರಳೆಳೆದುಕೊಂಡು ಚಳಿ ಕಳೆದರು. 1878ರಲ್ಲಿ ಕಲ್ಕತ್ತೆಯನ್ನು ಮುಟ್ಟಿದಾಗ, ಇಪ್ಪತ್ತು ವರ್ಷದ ಈ ಅವಿವಾಹಿತ ಕನ್ಯೆಯ ವಾಗ್ಧೋರಣೆಗೆ ಅಲ್ಲಿಯ ವಿದ್ವಾಂಸರು ತಲೆದೂಗಿ ಪಂಡಿತಾ ಎಂದೂ ಸರಸ್ವತೀ ಎಂದೂ ಬಿರುದಿತ್ತರು. ಹಸಿದಾಗ ಒಂದು ತುತ್ತು ಸಿಗದಿದ್ದ ದೇಶದಲ್ಲಿ ಬಿರುದು ಸುಲಭವಾಗಿ ಸಿಕ್ಕಿತು.

ಮುಂದಿನ ನಾಲ್ಕು ವರ್ಷಗಳನ್ನು ಚುಟುಕಾಗಿ ಹೇಳುವೆವು. 1880ರಲ್ಲಿ ಅಣ್ಣ ತೀರಿಕೊಂಡನು. ಅದೇ ವರ್ಷ, ಬಿಪಿನ್ ಬಿಹಾರಿ ದಾಸ ಎಂಬ ಬ್ರಾಹ್ಮಣೇತರ ಬಂಗಾಳಿ ವಕೀಲರೊಡನೆ ರಿಜಿಸ್ಟರ್ ವಿವಾಹವಾಯಿತು. ಮಗಳು ಮನೋರಮಾ 1881ರಲ್ಲಿ ಹುಟ್ಟಿದಳು. 1882ರಲ್ಲಿ ಪತಿಯು ವಾಂತಿಭೇದಿಗೆ ತುತ್ತಾದರು. ಇಪ್ಪತ್ತಮೂರರ ವಿಧವೆಯಾಗಿ ಮಗುವನ್ನೆತ್ತಿಕೊಂಡು ಪುಣೆಗೆ ಬಂದ ರಮಾಬಾಯಿಯವರು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ವಿದ್ಯಾಭ್ಯಾಸದ ವಿಚಾರಣೆಗೆ ಬಂದಿದ್ದ ಹಂಟರ್ ಕಮಿಷನ್ನಿನ ಮುಂದೆ ನಿಂತು, ಹೆಣ್ಣುಮಕ್ಕಳಿಗೆ ಹೆಣ್ಣು ಉಪಾಧ್ಯಾಯರೂ ಹೆಣ್ಣು ವೈದ್ಯರೂ ಬೇಕೆಂದು ಸಾಕ್ಷ್ಯ ಹೇಳಿದರು. ಓದಿದ ಗಂಡಸರೇ ಸ್ತ್ರೀವಿದ್ಯೆಗೆ ಅಡ್ಡ ಬರುತ್ತಿರುವರೆಂದು ಅಲ್ಲಿ ಅವರು ಆಡಿದ ಮಾತು ಓದಿದ ಗಂಡಸರಿಗೆ ಇಷ್ಟವಾಗಲಿಲ್ಲ.

ವೈದ್ಯವಿದ್ಯೆಯನ್ನು ಕಲಿಯುವ ಸಂಕಲ್ಪದಿಂದ 1883ರಲ್ಲಿ ಅವರು ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾದುದರಿಂದ ಆ ಸಂಕಲ್ಪವು ಕೈಗೂಡಲಿಲ್ಲ. ವಾಂಟೇಜ್ ಎಂಬ ಊರಿನ ಕ್ರೈಸ್ತ ಸಂನ್ಯಾಸಿನಿಯರ ಮಠದಲ್ಲಿ ಅವರಿಗೆ ಆಶ್ರಯ ದೊರಕಿತು. ಜತೆಗೆ ಬಂದಿದ್ದ ಆನಂದೀಬಾಯಿ ಭಗತ ಎಂಬ ಸಖಿಯು ಅಲ್ಲಿ ದುರ್ಮರಣಕ್ಕೀಡಾದುದು ಅವರನ್ನು ತಲ್ಲಣಗೊಳಿಸಿತು. ಅದೇ ವರ್ಷ ಸೆಪ್ಟೆಂಬರ್ 29ರಂದು ಮಗಳೊಡನೆ ದೀಕ್ಷಾಸ್ನಾನ ಪಡೆದರು. ಆ ಮಠದವರು ಲಂಡನ್ನಿನಲ್ಲಿ ಪತಿತ ಸ್ತ್ರೀಯರಿಗಾಗಿ ನಡೆಸುತ್ತಿದ್ದ ಗೃಹವನ್ನು ನೋಡಿದುದು ಅವರ ಮನಸ್ಸಿನಲ್ಲಿ ನಾಟಿತ್ತು. ಶುದ್ಧರು ಅಶುದ್ಧರ ನೆರಳಿನಿಂದ ಸರಿದು ಹೋಗುವುದನ್ನು ಮಾತ್ರ ಕಂಡಿದ್ದವರಿಗೆ, ಶುದ್ಧರು ಅವರ ಬಳಿ ಕುಳಿತು ಕೈ ಹಿಡಿಯುವುದು ಹೊಸ ನೋಟ.

ಈ ಸುದ್ದಿಯು ಭರತಖಂಡವನ್ನು ಮುಟ್ಟಿದಾಗ ಇಲ್ಲಿಯ ಜನ ಕೋಪಿಸಿಕೊಂಡರು. ಈ ಮಹಿಳೆಯು ಸಾಹೇಬರ ಪಕ್ಷಕ್ಕೆ ಸೇರಿಹೋದಳೆಂದು ಎಲ್ಲರೂ ತಿಳಿದರು. ವಾಂಟೇಜಿನಲ್ಲಿ ನಡೆಯುತ್ತಿದ್ದುದೇ ಬೇರೆ. ದೀಕ್ಷೆಯಾದ ಮೇಲೂ ರಮಾಬಾಯಿಯವರು ಸೀರೆಯನ್ನು ಬಿಡಲಿಲ್ಲ, ಶಾಕಾಹಾರವನ್ನು ಬಿಡಲಿಲ್ಲ. ಮೊಟ್ಟೆ ಬೆರೆತ ತಿಂಡಿಯನ್ನು ಮುಟ್ಟದಿರುವುದು ಹಳೆಯ ಜಾತಿಯ ಗರ್ವದ ಶೇಷವೆಂದು ಮಠದವರು ಆಕ್ಷೇಪಿಸಿದರು. ತಮ್ಮ ಊಟದಲ್ಲಿ ಅಹಂಕಾರ ಹುಡುಕುವವರಿಗೆ ಅವರು ಬಿಸಿಯಾಗಿಯೇ ಉತ್ತರ ಬರೆದರು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳಿರಬಹುದಾದರೆ ಸಂಸ್ಕೃತ ಅಕ್ಷರಗಳೇಕಿರಬಾರದೆಂದು ಕೇಳಿದರು. ಚೆಲ್ಟನ್‌ಹ್ಯಾಮಿನ ಸ್ತ್ರೀಯರ ಕಾಲೇಜಿನಲ್ಲಿ ಸಂಸ್ಕೃತ ಬೋಧಿಸುತ್ತಿದ್ದಾಗ, ಪುರುಷರಿಗೂ ಪಾಠ ಹೇಳುವ ಪ್ರಸ್ತಾಪ ಬಂದಿತು. ಹಿಂದೂದೇಶದ ಇಬ್ಬರು ಬಿಷಪ್ಪರು, ಇದರಿಂದ ಆಕೆಯ ದೇಶದಲ್ಲಿ ಹೆಸರು ಕೆಡುವುದೆಂದು ತಡೆದರು. ಹುಟ್ಟಿದಂದಿನಿಂದ ಗಂಡಸರ ಸಭೆಗಳಲ್ಲಿಯೇ ಪುರಾಣ ಹೇಳಿ ಬೆಳೆದವರಿಗೆ ಇದಕ್ಕಿಂತ ವಿಚಿತ್ರವಾದ ಕಟ್ಟಳೆಯಿರಲಿಲ್ಲ. ಕ್ರಿಸ್ತನನ್ನು ಒಪ್ಪಿಕೊಂಡಿರುವೆನೇ ಹೊರತು ಪುರೋಹಿತರೊಬ್ಬರ ಆಜ್ಞೆಯನ್ನು ಬಿಟ್ಟು ಇನ್ನೊಬ್ಬರದನ್ನು ತಲೆಯ ಮೇಲೆ ಹೊರಲು ಬಂದಿಲ್ಲವೆಂಬುದು ಅವರ ನಿಲುವು. ತ್ರಯೈಕ್ಯವೇ ಮೊದಲಾದ ಸಿದ್ಧಾಂತಗಳನ್ನು ತಮ್ಮ ಬುದ್ಧಿಗೆ ನಿಲುಕದಷ್ಟು ದಿನ ಒಪ್ಪಲೂ ಇಲ್ಲ. ಉಡುಪಿಯ ಸಭೆಯಲ್ಲಿ ನಿಂತಿದ್ದ ತಂದೆಯ ಮಗಳೆಂಬುದನ್ನು ಆಂಗ್ಲೇಯರಿಗೆ ತಿಳಿಯಹೇಳುವವರು ಅಲ್ಲಿ ಯಾರೂ ಇರಲಿಲ್ಲ.

1886ರಲ್ಲಿ ಬಂಧುವಾದ ಡಾಕ್ಟರ್ ಆನಂದೀಬಾಯಿ ಜೋಶಿಯವರ ಪದವೀದಾನಕ್ಕೆಂದು ಅಮೆರಿಕದ ಫಿಲಡೆಲ್ಫಿಯಕ್ಕೆ ಹೋದ ರಮಾಬಾಯಿಯವರು ಅಲ್ಲಿಯೇ ಎರಡು ವರ್ಷಕ್ಕೂ ಮೀರಿ ನಿಂತು ಊರೂರು ತಿರುಗಿ ಉಪನ್ಯಾಸವಿತ್ತರು. ಉಚ್ಚಕುಲದ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತ ಅವರ ಆಂಗ್ಲ ಗ್ರಂಥವು 1887ರಲ್ಲಿ ಹೊರಟಿತು. ಬಾಸ್ಟನ್ನಿನಲ್ಲಿ ಏರ್ಪಟ್ಟ ಸಂಘವು, ಮತಬೋಧೆಯಿಲ್ಲದ ವಿಧವಾಗೃಹವೊಂದಕ್ಕೆ ಹತ್ತು ವರ್ಷ ಹಣ ಕೊಡಲು ಒಪ್ಪಿತು. ಪರದೇಶದಲ್ಲಿ ನಮ್ಮ ಮನೆಯ ಹುಣ್ಣನ್ನು ಬಿಚ್ಚಿ ತೋರಿಸಿದುದು ಸರಿಯೇ ಎಂಬ ಪ್ರಶ್ನೆ ಅಂದೂ ಇತ್ತು. ಸ್ವಾಮಿ ವಿವೇಕಾನಂದರಿಗೂ ಅಲ್ಲಿಯ ರಮಾಬಾಯಿ ಮಂಡಲಿಗಳಿಗೂ ಇದೇ ವಿಷಯದಲ್ಲಿ ತಿಕ್ಕಾಟವಾಯಿತು. ಹುಣ್ಣು ನಿಜವಾದುದೆಂಬುದನ್ನೂ, ಮದ್ದಿಗೆ ಇಲ್ಲಿಯ ಸಾಹುಕಾರರು ಚೀಲ ಬಿಚ್ಚಲಿಲ್ಲವೆಂಬುದನ್ನೂ ಸೇರಿಸಿ ಆ ಪ್ರಶ್ನೆಯನ್ನು ಕೇಳುವುದು ನ್ಯಾಯ.

1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯಲ್ಲಿ ಶಾರದಾಸದನವು ಇಬ್ಬರು ವಿದ್ಯಾರ್ಥಿನಿಯರಿಂದ ಆರಂಭವಾಯಿತು. ಅವರಲ್ಲೊಬ್ಬಳು ಗೋದೂಬಾಯಿ ಎಂಬ ಬಾಲವಿಧವೆ. 1893ರಲ್ಲಿ ಧೋಂಡೋ ಕೇಶವ ಕರ್ವೆಯವರು ಕೈಹಿಡಿದದ್ದು ಈಕೆಯನ್ನೇ. ಮುಂದೆ ಕರ್ವೆಯವರು ಕಟ್ಟಿದ ಸಂಸ್ಥೆಗಳಿಗೂ ಈ ಸದನಕ್ಕೂ ಇರುವ ನಂಟನ್ನು ವಾಚಕರು ಊಹಿಸಬಲ್ಲರು. ಅದೇ 1889ರಲ್ಲಿ ಮುಂಬಯಿಯಲ್ಲಿ ಕೂಡಿದ ಕಾಂಗ್ರೆಸ್ ಮಹಾಸಭೆಗೆ ಪ್ರತಿನಿಧಿಗಳಾಗಿ ಬಂದ ಕೆಲವೇ ಸ್ತ್ರೀಯರಲ್ಲಿ ರಮಾಬಾಯಿಯವರೂ ಒಬ್ಬರು.

ಸದನವು ಪುಣೆಗೆ ಬಂದ ಮೇಲೆ ಬಿರುಗಾಳಿಯೆದ್ದಿತು. ಬ್ರಾಹ್ಮಣ ಹುಡುಗಿಯರಿಗೆ ಅಡಿಗೆ ಬೇರೆ, ಆಚಾರ ಅವರವರದು. ಈ ಕಟ್ಟಳೆ ಮುರಿದಿರಲಿಲ್ಲ. ಆದರೆ ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಪ್ರಾರ್ಥಿಸುವಾಗ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ತಾಯಿಯಂತೆ ನೋಡಿಕೊಂಡವರ ಪ್ರಾರ್ಥನೆಗೆ ಹುಡುಗಿಯರು ಒಬ್ಬೊಬ್ಬರಾಗಿ ಬಂದು ಕುಳಿತರು. ಟಿಳಕರ ಕೇಸರಿಯು ಕಠೋರವಾಗಿ ಬರೆಯಿತು. ಸಲಹಾಮಂಡಲಿಯಲ್ಲಿದ್ದ ರಾನಡೆ, ಭಾಂಡಾರಕರರಂಥ ಸ್ನೇಹಿತರೂ 1893ರಲ್ಲಿ ರಾಜೀನಾಮೆಯಿತ್ತರು. ಹಲವು ಹುಡುಗಿಯರನ್ನು ಪೋಷಕರು ಬಿಡಿಸಿಕೊಂಡು ಹೋದರು. ನಮ್ಮ ಮಟ್ಟಿಗೆ ಹೇಳುವುದಾದರೆ, ಮತಬೋಧೆಯಿಲ್ಲವೆಂಬ ಮಾತಿಗೂ ತೆರೆದ ಬಾಗಿಲಿಗೂ ಹೊಂದಿಕೆ ಕಷ್ಟವೇ. ರಾನಡೆಯವರ ನೋವಿಗೆ ಕಾರಣವಿತ್ತು. ಹಾಗೆಂದು, ಬಾಗಿಲನ್ನು ಮುಚ್ಚಿ ದೇವರನ್ನು ಮರೆಯಲ್ಲಿ ನೆನೆಯಬೇಕೆಂದು ಅವರಿಗೆ ವಿಧಿಸುವ ಮನಸ್ಸೂ ನಮಗೆ ಬಾರದು. ತನಗೆ ನಿಜವೆಂದು ತೋರಿದುದನ್ನು ಅಡಗಿಸಿಡುವುದೂ ಒಂದು ಅಶೌಚವೆಂದು ಅವರು ಬಗೆದಿದ್ದರು. ಬಿಡಿಸಿಕೊಂಡು ಹೋದ ಹುಡುಗಿಯರ ಪೈಕಿ ಎಷ್ಟು ಮಂದಿಗೆ ಆ ಪೋಷಕರು ಮತ್ತೆ ಪುಸ್ತಕ ಕೊಟ್ಟರೆಂಬುದನ್ನು ವಿಚಾರಿಸಿ ಬರೆದ ಪತ್ರಿಕೆಯೊಂದನ್ನೂ ನಾವು ಕಂಡಿಲ್ಲ.

ಈ ಗದ್ದಲದ ವರ್ಷಗಳಲ್ಲಿಯೇ ಅವರ ಒಳಗೆ ಇನ್ನೊಂದು ತೊಳೆಯುವಿಕೆ ನಡೆದಿತ್ತು. ದೀಕ್ಷೆಯಾಗಿ ಎಂಟು ವರ್ಷ ಕಳೆದ ಮೇಲೆ, 1891ರ ಸುಮಾರಿಗೆ, ಕ್ರೈಸ್ತ ಮತವು ತಮಗೆ ದೊರಕಿದೆ, ಕ್ರಿಸ್ತನು ಮಾತ್ರ ದೊರಕಿಲ್ಲವೆಂದು ಅವರಿಗೆ ಮನವರಿಕೆಯಾಯಿತು. ಪಾಂಡಿತ್ಯದಿಂದ ಒಪ್ಪಿದುದನ್ನು ಪ್ರಾಣದಿಂದ ಒಪ್ಪಿಲ್ಲವೆಂಬ ಈ ಅರಿವು ಬಹು ಕಷ್ಟದ್ದು. ಬಿರುದಾಂಕಿತರಿಗೆ ಇನ್ನಷ್ಟು ಕಷ್ಟದ್ದು. ಅಲ್ಲಿಂದ ಮುಂದೆ ಅವರ ಬರಹದಲ್ಲಿ ವಾದವು ಕಡಿಮೆಯಾಗಿ ಕೆಲಸ ಹೆಚ್ಚಾದುದನ್ನು ಕಾಣುವೆವು. ಬೈರಾಗಿಣಿಯ ವೇಷ ತೊಟ್ಟು ಮಥುರಾ ಬೃಂದಾವನಗಳಿಗೆ ಹೋಗಿ, ಪುಣ್ಯಕ್ಷೇತ್ರದ ಹೆಸರಿನಲ್ಲಿ ದಿಕ್ಕಿಲ್ಲದ ವಿಧವೆಯರು ಪಡುತ್ತಿದ್ದ ಪಾಡನ್ನು ಕಣ್ಣಾರೆ ನೋಡಿ ಬಂದದ್ದು ಈ ಕಾಲದಲ್ಲೇ.

1896ರಲ್ಲಿ ಮಧ್ಯಪ್ರಾಂತದಲ್ಲಿ ಕ್ಷಾಮ ಬಿದ್ದಿತು. ಇಪ್ಪತ್ತೆರಡು ವರ್ಷದ ಹಿಂದೆ ಎಲೆ ತಿಂದು ಬದುಕಿದವರಿಗೆ ಆ ಸುದ್ದಿಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೈಯಲ್ಲಿ ಹಣವಿರಲಿಲ್ಲ, ಸದನದಲ್ಲಿ ಜಾಗವಿರಲಿಲ್ಲ, ಆದರೂ ಹೊರಟರು. ಅನ್ನಕ್ಕೆ ಮೈ ಮಾರಿಸುವವರ ಕೈಗೆ ಬೀಳಲಿದ್ದ ಹುಡುಗಿಯರನ್ನು ಹುಡುಕಿ ಹುಡುಕಿ ನೂರುಗಟ್ಟಲೆ ಕರೆತಂದರು. ಹುಳು ಬಿದ್ದ ತಲೆ, ಕೀವುಗಟ್ಟಿದ ಬಾಯಿ, ಜಾತಿ ಯಾವುದೋ ಕುಲ ಯಾವುದೋ. ಒಂದು ಕಾಲಕ್ಕೆ ಅನ್ಯರ ಅಡಿಗೆಯನ್ನು ಮುಟ್ಟದಿದ್ದ ಕೈಗಳೇ ಅವರನ್ನು ತೊಳೆದುವು. ಪುಣೆಯಲ್ಲಿ ಪ್ಲೇಗು ಹಬ್ಬಿ, ಅಷ್ಟು ಮಂದಿಯನ್ನು ಪಟ್ಟಣದಲ್ಲಿಟ್ಟುಕೊಳ್ಳಲು ಅಧಿಕಾರಿಗಳು ಒಪ್ಪದಿದ್ದಾಗ, ಮೂವತ್ತು ಮೈಲಿಗೂ ಆಚೆಯ ಕೇಡಗಾಂವಿನಲ್ಲಿ ಹಣ್ಣಿನ ತೋಟಕ್ಕೆಂದು ಕೊಂಡಿದ್ದ ನೂರು ಎಕರೆ ನೆಲಕ್ಕೆ ಅವರನ್ನು ಸಾಗಿಸಿದರು. ಮುಕ್ತಿ ಎಂಬ ಹೆಸರಿನ ಊರೇ ಅಲ್ಲಿ ಎದ್ದಿತು.

ಇದೇ ಪ್ಲೇಗಿನ ಪ್ರಸಂಗದಲ್ಲಿ ನಡೆದ ಇನ್ನೊಂದು ಸಂಗತಿಯನ್ನು ರಾಷ್ಟ್ರಾಭಿಮಾನಿಗಳು ಮರೆಯಬಾರದು. ಸರ್ಕಾರದ ಪ್ಲೇಗು ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳ ಮಾನಕ್ಕೆ ರಕ್ಷಣೆಯಿಲ್ಲವೆಂದು, ತಮ್ಮ ಹುಡುಗಿಯೊಬ್ಬಳ ಗತಿಯನ್ನೇ ಉದಾಹರಿಸಿ, 1897ರಲ್ಲಿ ರಮಾಬಾಯಿಯವರು ಪತ್ರಿಕೆಗೆ ಬರೆದರು. ಮುಂಬಯಿಯ ಗವರ್ನರರ ಆಡಳಿತವನ್ನು ಹೆಸರೆತ್ತಿ ಆಪಾದಿಸಿದ ಆ ಪತ್ರದ ಪ್ರತಿಧ್ವನಿ ಲಂಡನ್ನಿನ ಪಾರ್ಲಿಮೆಂಟಿನವರೆಗೂ ಹೋಯಿತು. ಸಾಹೇಬರ ಮತವನ್ನು ಹಿಡಿದವರೆಲ್ಲ ಸಾಹೇಬರಿಗೆ ಹೆದರುವರೆಂಬ ಎಣಿಕೆಗೆ ಇಷ್ಟು ಸಾಕಾದ ಉತ್ತರ.

1900ರಲ್ಲಿ ಗುಜರಾತು ಕ್ಷಾಮಕ್ಕೆ ಸಿಕ್ಕಿದಾಗ ಮತ್ತೆ ಸಾವಿರಕ್ಕೂ ಮೀರಿ ಹುಡುಗಿಯರು ಬಂದರು. ಮುಕ್ತಿಯ ನಿವಾಸಿಗಳ ಸಂಖ್ಯೆ ಎರಡು ಸಾವಿರದ ಹತ್ತಿರಕ್ಕೇರಿತು. ಭಾವಿ ತೋಡುವುದು, ಹೊಲ ಉಳುವುದು, ನೇಯ್ಗೆ, ಹೊಲಿಗೆ, ಗಾಣ, ಹೈನು, ಅಚ್ಚಿನ ಕೆಲಸ ಎಲ್ಲವೂ ಅಲ್ಲಿ ನಡೆದುವು. ಬಹುಪಾಲು ಹೆಣ್ಣುಮಕ್ಕಳ ಕೈಯಿಂದಲೇ. ಕುರುಡರಿಗೆ ಬೆರಳಿನಿಂದ ಓದುವ ಬ್ರೈಲ್ ಲಿಪಿಯನ್ನು ಕಲಿಸಿದರು. ಸಮಾಜವು ಹೊರದೂಡಿದ ಪತಿತೆಯರಿಗಾಗಿ ಕೃಪಾಸದನವೆಂಬ ಬೇರೆ ಮನೆಯಿತ್ತು. ಲಂಡನ್ನಿನಲ್ಲಿ ಕಂಡ ನೋಟಕ್ಕೆ ಅವರು ಕಟ್ಟಿದ ಕಲ್ಲಿನ ಉತ್ತರ ಇದು. ಶಾರದಾಸದನದಂತಲ್ಲದೆ ಮುಕ್ತಿಯು ಬಹಿರಂಗವಾಗಿ ಕ್ರೈಸ್ತ ಸಂಸ್ಥೆ. 1905ರಲ್ಲಿ ಅಲ್ಲಿ ಎದ್ದ ಭಕ್ತ್ಯಾವೇಶದ ಅಲೆಯು ದೂರದೂರದ ಕ್ರೈಸ್ತರನ್ನು ಸೆಳೆಯಿತು. ಹಸಿದು ಬಂದ ಮಗುವಿಗೆ ಅನ್ನದೊಡನೆ ಮತವನ್ನೂ ಬಡಿಸಿದರೆಂಬ ಆಕ್ಷೇಪಣೆಯನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಆ ಮಗುವಿನ ದಾರಿಯಲ್ಲಿ ಅನ್ನದ ತಟ್ಟೆ ಹಿಡಿದು ಮೊದಲು ನಿಲ್ಲಬೇಕಾಗಿದ್ದ ನಮ್ಮ ಮಠಮಾನ್ಯಗಳು ಅಂದು ಎಲ್ಲಿದ್ದುವೆಂಬುದೂ ಅದರ ಜತೆಗೆ ಏಳುವ ಪ್ರಶ್ನೆ.

ಅವರ ಸ್ವಂತ ಬಾಳಿನ ಬಗೆ ಹೀಗಿತ್ತು: ಕತ್ತರಿಸಿದ ಕೂದಲು, ಬಿಳಿಯ ಹತ್ತಿಯ ಸೀರೆ, ಕಡೆಯವರೆಗೂ ಶಾಕಾಹಾರ, ಬೆಳಗಿನ ಜಾವಕ್ಕೆ ಪ್ರಾರ್ಥನೆ. ವ್ರತಗಳೆಲ್ಲ ಹೋದುವು, ಜಾವದಲ್ಲೇಳುವ ತಾಯಿಯ ಅಭ್ಯಾಸವು ಉಳಿಯಿತು. ಹಣವು ದೇಶದೇಶಗಳಿಂದ ಬಂದರೂ ಅದು ಹುಡುಗಿಯರದಾಗಿತ್ತು.

ಕರ್ನಾಟಕದೊಡನೆ ಅವರ ನಂಟು ಹುಟ್ಟಿನೊಂದಿಗೆ ಮುಗಿಯಲಿಲ್ಲ. ಆಗ ನಿಜಾಮರ ರಾಜ್ಯದಲ್ಲಿದ್ದ ಗುಲ್ಬರ್ಗದಲ್ಲಿ, ಈಗಿನ ಕಲಬುರಗಿಯಲ್ಲಿ, 1912ರ ಸುಮಾರಿಗೆ ಅವರ ಸಹಾಯದಿಂದ ಒಂದು ಕ್ರೈಸ್ತ ಹೈಸ್ಕೂಲು ಏರ್ಪಟ್ಟು ಮನೋರಮಾಬಾಯಿಯವರು ಅದರ ಮುಖ್ಯಸ್ಥೆಯಾದರು. ವಿದ್ಯೆಗೆ ಬಹು ಹಿಂದಾಗಿದ್ದ ಆ ಸೀಮೆಗೆ ಅದು ಸಣ್ಣ ಸಹಾಯವಲ್ಲ.

ಕಡೆಯ ಹದಿನೈದು ವರ್ಷಕ್ಕೂ ಮೀರಿದ ಕಾಲವನ್ನು ಅವರು ಒಂದೇ ಕೆಲಸಕ್ಕೆ ಮುಡಿಪಿಟ್ಟರು. ಆಗ ಪ್ರಚಾರದಲ್ಲಿದ್ದ ಮರಾಠಿ ಬೈಬಲ್ಲು ಸಂಸ್ಕೃತಭೂಯಿಷ್ಠವಾಗಿ, ಹಳ್ಳಿಯ ಹೆಂಗಸಿಗೆ ಅರ್ಥವಾಗದಂತಿತ್ತು. ಹೀಬ್ರೂ, ಗ್ರೀಕ್ ಭಾಷೆಗಳನ್ನು ಈ ವಯಸ್ಸಿನಲ್ಲಿ ಕಲಿತು, ಮೂಲದಿಂದಲೇ ಅದನ್ನು ಆಡುಮಾತಿನ ಮರಾಠಿಗೆ ತರಲು ಕುಳಿತರು. ಸಂಸ್ಕೃತದಲ್ಲಿ ಬಿರುದು ಪಡೆದವರು ಸಂಸ್ಕೃತ ಶಬ್ದಗಳನ್ನು ಒಂದೊಂದಾಗಿ ಹೆಕ್ಕಿ ಹೊರಗಿಡುತ್ತಿದ್ದರು. ಇಂಥ ಭಾಷೆಯಲ್ಲಿ ಸಂಪಾದಕೀಯ ಬರೆಯುವ ನಮಗೆ ಈ ತ್ಯಾಗದ ಬೆಲೆ ಚೆನ್ನಾಗಿ ತಿಳಿಯುವುದು. ಸರ್ಕಾರವು 1919ರಲ್ಲಿ ಕೈಸರ್-ಇ-ಹಿಂದ್ ಪದಕವನ್ನು ಕೊಟ್ಟಿತು. 1921ರ ಜುಲೈಯಲ್ಲಿ, ಮುಕ್ತಿಯ ಭಾರವನ್ನು ವಹಿಸಬೇಕಾಗಿದ್ದ ಮಗಳು ಮನೋರಮಾ ನಾಲ್ವತ್ತರ ಪ್ರಾಯದಲ್ಲಿ ತೀರಿಕೊಂಡಳು. ತಾಯಿಯು ಮತ್ತೆ ಕರಡಚ್ಚುಗಳ ಮುಂದೆ ಕುಳಿತರು. ಕಡೆಯ ಪುಟಗಳನ್ನು ತಿದ್ದಿ ಮುಗಿಸಲು ಇನ್ನು ಹತ್ತು ದಿನಗಳ ಆಯುಸ್ಸನ್ನು ದೇವರಲ್ಲಿ ಬೇಡಿಕೊಂಡರೆಂದೂ ಅಷ್ಟೇ ದಿನಗಳಲ್ಲಿ ಕೆಲಸವು ಮುಗಿಯಿತೆಂದೂ ಮುಕ್ತಿಯವರು ಹೇಳುವರು. 1922ನೆಯ ಇಸವಿ ಏಪ್ರಿಲ್ 5ರ ಬೆಳಗಿನ ಹೊತ್ತಿಗೆ, ಅರುವತ್ತನಾಲ್ಕು ತುಂಬುವ ಮೊದಲೇ, ಅವರು ನಿದ್ರೆಯಲ್ಲಿದ್ದಂತೆಯೇ ಹೋಗಿದ್ದರು. ಅವರು ಬಿಟ್ಟುಹೋದ ಗ್ರಂಥವು 1924ರಲ್ಲಿ ಮುಕ್ತಿಯ ಅಚ್ಚುಕೂಟದಿಂದಲೇ ಹೊರಬಿದ್ದಿತು. ಅದರ ಮೊಳೆಗಳನ್ನು ಜೋಡಿಸಿ, ಹಾಳೆಗಳನ್ನು ಮಡಿಸಿ, ಹೊಲಿದು, ರಟ್ಟು ಕಟ್ಟಿದವರು ಆ ಮನೆಯ ಹೆಣ್ಣುಮಕ್ಕಳು.